ಮುಖದ ಮೂಳೆಗೂ ಉಂಟು ಅನ್ನದ ಋಣ

ಮನೆಯಲ್ಲಿ ಮಗು ಹುಟ್ಟಿದಾಗ ತೊಟ್ಟಿಲ ಸುತ್ತ ನೆರೆದವರು ಮೊದಲು ಮಾಡುವ ಕೆಲಸವೆಂದರೆ ಮುಖವನ್ನು ಪಾಲು ಹಂಚುವುದು. ಮೂಗು ಅಪ್ಪನದು, ಹಣೆ ಸೋದರಮಾವನದು, ಗದ್ದ ಮಾತ್ರ ಥೇಟ್ ಅಜ್ಜಿಯದೇ ಎಂದು ಹತ್ತು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಹೊಲ, ಮನೆ, ಒಡವೆಗಳಂತೆ ಮುಖವೂ ಹಿರಿಯರಿಂದ ಬರುವ ಆಸ್ತಿ ಎಂಬುದು ನಮ್ಮೆಲ್ಲರ ನಂಬಿಕೆ. ಈ ನಂಬಿಕೆ ಸುಳ್ಳೇನೂ ಅಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಅದೇ ಮಗುವಿಗೆ ಹನ್ನೆರಡೋ ಹದಿಮೂರೋ ವರ್ಷವಾದಾಗ ಒಂದು ತೊಡಕು ಕಾಣಿಸಿಕೊಳ್ಳುತ್ತದೆ. ಹಲ್ಲುಗಳು ಒಂದರ ಮೇಲೊಂದು ಏರಿ ಕುಳಿತಿರುತ್ತವೆ. ಕೋರೆಹಲ್ಲಿಗೆ ಜಾಗ ಸಾಲದೆ ಅದು ಒಸಡಿನ ಮೇಲ್ಭಾಗದಿಂದ ಇಣುಕುತ್ತಿರುತ್ತದೆ. ದಂತವೈದ್ಯರು ನೋಡಿ, 'ಹಲ್ಲಿಗೇನೂ ಆಗಿಲ್ಲ, ದವಡೆ ಚಿಕ್ಕದಾಗಿದೆ, ಕ್ಲಿಪ್ ಹಾಕಬೇಕು' ಎನ್ನುತ್ತಾರೆ. ಇನ್ನಷ್ಟು ವರ್ಷ ಕಳೆದ ಮೇಲೆ ಬುದ್ಧಿಹಲ್ಲು ಮೂಳೆಯೊಳಗೇ ಅಡ್ಡಲಾಗಿ ಸಿಕ್ಕಿಕೊಂಡು ಜೀವ ಹಿಂಡುತ್ತದೆ. ಹಲ್ಲೂ ಹಿರಿಯರದು, ದವಡೆಯೂ ಹಿರಿಯರದು ಎಂದಾದರೆ ಒಂದಕ್ಕೊಂದು ಹೊಂದದೆ ಹೋಗುವುದು ಹೇಗೆ?

ಈ ಪ್ರಶ್ನೆ ಹಳೆಯದು. ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಪ್ರಕಟಿಸಿದ ಮಾನವನ ಮೂಲವನ್ನು ಕುರಿತ ಗ್ರಂಥದಲ್ಲಿಯೇ ಇದರ ಪ್ರಸ್ತಾಪವಿದೆ. ನಾಗರಿಕ ಜನರ ಬುದ್ಧಿಹಲ್ಲು ಕ್ಷೀಣಿಸುತ್ತಿರುವುದನ್ನೂ, ದವಡೆಯಲ್ಲಿ ಜಾಗ ಸಾಲದೆ ಅಮೆರಿಕದಲ್ಲಿ ಮಕ್ಕಳ ದವಡೆಹಲ್ಲು ಕೀಳಿಸುವುದು ರೂಢಿಯಾಗುತ್ತಿರುವುದನ್ನೂ ಆತ ಗುರುತಿಸಿದ್ದ. ಬೇಯಿಸಿದ ಮೆತ್ತನೆಯ ಆಹಾರದಿಂದ ದವಡೆಯ ಬಳಕೆ ತಗ್ಗಿದ್ದೇ ಇದಕ್ಕೆ ಕಾರಣವಿರಬಹುದೆಂಬ ಊಹೆಯೂ ಅಲ್ಲಿತ್ತು. ಊಹೆ ಸರಿಯಾದ ದಿಕ್ಕಿನಲ್ಲಿತ್ತೆಂದು ತಿಳಿಯಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಈ ನಡುವೆ ಮುಖದ ಮೂಳೆಯನ್ನು ಅಳೆಯುವ ವಿದ್ಯೆ ಎಂಥೆಂಥವರ ಕೈಗೋ ಸಿಕ್ಕಿ, ಮನುಷ್ಯರ ಮೇಲು-ಕೀಳು ನಿರ್ಧರಿಸುವ ತಕ್ಕಡಿಯಾಗಿಯೂ ಬಳಕೆಯಾಯಿತು.

ಮೂಳೆ ಕಲ್ಲಲ್ಲ

ಮೂಳೆಯೆಂದರೆ ಕಲ್ಲಿನಂತೆ ಜಡವಾದ ವಸ್ತು ಎಂದು ನಾವು ತಿಳಿಯುತ್ತೇವೆ. ನಿಜಕ್ಕೂ ಅದು ಜೀವಂತ ಅಂಗಾಂಶ. ಒಂದು ಕಡೆ ಕರಗುತ್ತಾ ಇನ್ನೊಂದು ಕಡೆ ಕೂಡುತ್ತಾ ಬಾಳಿನುದ್ದಕ್ಕೂ ದುರಸ್ತಿಯಾಗುತ್ತಲೇ ಇರುತ್ತದೆ. ಯಾವ ಭಾಗದ ಮೇಲೆ ಭಾರ ಹೆಚ್ಚು ಬೀಳುತ್ತದೋ ಆ ಭಾಗ ಗಟ್ಟಿಯಾಗುತ್ತದೆ. ಕೆಲಸವಿಲ್ಲದ ಭಾಗ ಸೊರಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವುಲ್ಫ್ 1892ರಲ್ಲಿ ಈ ನಿಯಮವನ್ನು ವಿವರಿಸಿದ. ಟೆನಿಸ್ ಆಟಗಾರರ ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪವಾಗಿರುವುದು ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ.

ದವಡೆಗೂ ಇದೇ ನಿಯಮ. ನಾವು ಅಗಿಯುವಾಗ ಕೆನ್ನೆಯ ಸ್ನಾಯುಗಳು ಕೆಳದವಡೆಯನ್ನು ಮೇಲಕ್ಕೆಳೆಯುತ್ತವೆ. ಆ ಒತ್ತಡದಿಂದ ಮೂಳೆ ಅತಿ ಸೂಕ್ಷ್ಮವಾಗಿ ಬಾಗುತ್ತದೆ. ಮೂಳೆಯೊಳಗಿನ ಜೀವಕೋಶಗಳು ಅದನ್ನು ಗ್ರಹಿಸಿ 'ಇಲ್ಲಿ ಇನ್ನಷ್ಟು ಕಟ್ಟಿರಿ' ಎಂದು ಸಂದೇಶ ಕಳಿಸುತ್ತವೆ. ಬಾಲ್ಯದಿಂದ ಹದಿಹರೆಯ ಮುಗಿಯುವವರೆಗೆ ದವಡೆ ಬೆಳೆಯುತ್ತಿರುವಾಗ ಈ ಸಂದೇಶಕ್ಕೆ ಬೆಲೆ ಹೆಚ್ಚು.

ಹಲ್ಲಿನ ಕಥೆಯೇ ಬೇರೆ. ಹಲ್ಲಿನ ತಲೆಭಾಗ ಒಸಡಿನೊಳಗೇ ರೂಪುಗೊಂಡು, ಎನಾಮೆಲ್ ಹೊದ್ದು, ಪೂರ್ತಿ ಗಾತ್ರ ಪಡೆದು ಹೊರಬರುತ್ತದೆ. ಬಂದ ಮೇಲೆ ಅದು ಸವೆಯಬಹುದೇ ಹೊರತು ಬೆಳೆಯಲಾರದು. ಆ ಗಾತ್ರವನ್ನು ಬಹುಮಟ್ಟಿಗೆ ವಂಶವಾಹಿಗಳೇ, ಅಂದರೆ ಜೀನುಗಳೇ ಗೊತ್ತುಮಾಡುತ್ತವೆ. ಹೀಗಾಗಿ ಹಲ್ಲು ಪಿತ್ರಾರ್ಜಿತ, ದವಡೆಯ ಒಂದು ಪಾಲು ಸ್ವಯಾರ್ಜಿತ. ಪಾತ್ರೆ ಚಿಕ್ಕದಾಗಿ, ತುಂಬಬೇಕಾದ ಪದಾರ್ಥ ಹಿಂದಿನಷ್ಟೇ ಉಳಿದರೆ ಏನಾಗುತ್ತದೋ ಅದೇ ನಮ್ಮ ಬಾಯಲ್ಲಿ ಆಗಿದೆ.

ಬೇಟೆ ಬಿಟ್ಟು ಬೇಸಾಯಕ್ಕೆ

ಪಾತ್ರೆ ಚಿಕ್ಕದಾಗತೊಡಗಿದ್ದು ನಿನ್ನೆ ಮೊನ್ನೆಯಲ್ಲ. ಮನುಷ್ಯನ ಪೂರ್ವಜರು ಕಲ್ಲಿನ ಚೂಪು ಅಂಚಿನಿಂದ ಮಾಂಸ ಕೊಯ್ಯಲು, ಗೆಡ್ಡೆಗಳನ್ನು ಜಜ್ಜಲು ಕಲಿತಂದಿನಿಂದಲೇ ಬಾಯಿಯ ಕೆಲಸದಲ್ಲಿ ಸ್ವಲ್ಪ ಕೈಗೆ ವರ್ಗವಾಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಯಾಥರೀನ್ ಜಿಂಕ್ ಮತ್ತು ಡೇನಿಯಲ್ ಲೀಬರ್ಮನ್ 2016ರಲ್ಲಿ ಇದರ ಲೆಕ್ಕ ಹಾಕಿದರು. ಆಹಾರದಲ್ಲಿ ಮೂರನೆಯ ಒಂದು ಭಾಗ ಮಾಂಸವಿದ್ದು, ಅದನ್ನು ಹೋಳು ಮಾಡಿ, ಗೆಡ್ಡೆಗಳನ್ನು ಜಜ್ಜಿ ತಿಂದರೆ, ಅಗಿತದ ಸಂಖ್ಯೆ ಶೇ. 17ರಷ್ಟೂ ಅಗಿಯಲು ಬೇಕಾದ ಬಲ ಶೇ. 26ರಷ್ಟೂ ತಗ್ಗುತ್ತದೆಂದು ಅವರ ಅಂದಾಜು. ಇದು ಬೆಂಕಿಯ ಸಹಾಯವಿಲ್ಲದೆಯೇ. ಮುಂದೆ ಅಡುಗೆ ಬಂದಾಗ ಈ ಉಳಿತಾಯ ಇನ್ನೂ ಹೆಚ್ಚಿತು.

ಅಗಿಯುವ ಸ್ನಾಯುಗಳಿಗೆ ಸಂಬಂಧಿಸಿದ ಎಂವೈಎಚ್16 ಎಂಬ ಜೀನು ವಾನರಗಳಲ್ಲಿ ಕೆಲಸ ಮಾಡುತ್ತದೆ, ಮನುಷ್ಯನಲ್ಲಿ ಕೆಟ್ಟು ಕುಳಿತಿದೆ ಎಂದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡವೊಂದು 2004ರಲ್ಲಿ ತೋರಿಸಿತು. ಅದು ಕೆಟ್ಟದ್ದು ಸುಮಾರು 24 ಲಕ್ಷ ವರ್ಷಗಳ ಹಿಂದೆ ಎಂದು ಆ ತಂಡ ಹೇಳಿದರೆ, ಮರುವರ್ಷ ಇನ್ನೊಂದು ತಂಡ 53 ಲಕ್ಷ ವರ್ಷ ಎಂದಿತು. ಕಾಲದ ಬಗ್ಗೆ ಜಗಳವಿದ್ದರೂ, ವಾನರನ ಮುಂಚಾಚಿದ ಮೋರೆಯಿಂದ ಮನುಷ್ಯನ ಚಪ್ಪಟೆ ಮುಖದವರೆಗಿನ ದೀರ್ಘ ಪಯಣದಲ್ಲಿ ಜೀನುಗಳೂ ಬದಲಾದವೆಂಬುದರಲ್ಲಿ ಅನುಮಾನವಿಲ್ಲ.

ದೊಡ್ಡ ತಿರುವು ಬಂದದ್ದು ಬೇಸಾಯದೊಂದಿಗೆ. ಪಶ್ಚಿಮ ಏಷ್ಯಾ, ಅನಟೋಲಿಯಾ ಮತ್ತು ಯುರೋಪಿನಲ್ಲಿ ದೊರೆತ, 28 ಸಾವಿರದಿಂದ 6 ಸಾವಿರ ವರ್ಷಗಳ ಹಿಂದಿನ 292 ಅಸ್ಥಿಪಂಜರಗಳನ್ನು ರಾನ್ ಪಿನ್ಹಾಸಿ ಮತ್ತು ಸಂಗಡಿಗರು ಅಳೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ತಿನ್ನುತ್ತಿದ್ದವರಲ್ಲಿ ದವಡೆಯ ಅಳತೆಗೂ ಹಲ್ಲಿನ ಅಳತೆಗೂ ಹೊಂದಾಣಿಕೆಯಿತ್ತು. ಮೊದಲ ರೈತರಲ್ಲಿ ಆ ಹೊಂದಾಣಿಕೆ ತಪ್ಪಿಹೋಗಿತ್ತು. ಗಂಜಿ, ಅಂಬಲಿ, ಬೇಯಿಸಿದ ಕಾಳು ಹೊಟ್ಟೆ ತುಂಬಿಸಿದವು. ದವಡೆಗೆ ಮಾತ್ರ ಕೆಲಸ ಕೊಡಲಿಲ್ಲ.

ಇದಕ್ಕಿಂತ ಸ್ವಾರಸ್ಯವಾದದ್ದು ನೊರೀನ್ ಫಾನ್ ಕ್ರಾಮನ್-ಟೌಬಾಡೆಲ್ ಎಂಬ ಮಾನವಶಾಸ್ತ್ರಜ್ಞೆಯ 2011ರ ಅಧ್ಯಯನ. ಪ್ರಪಂಚದ ಬೇರೆ ಬೇರೆ ಭಾಗಗಳ 11 ಜನಸಮುದಾಯಗಳ ಬುರುಡೆಗಳನ್ನೂ ಕೆಳದವಡೆಗಳನ್ನೂ ಆಕೆ ಹೋಲಿಸಿ ನೋಡಿದರು. ಬುರುಡೆಯ ಆಕಾರ ಜನರ ವಂಶಸಂಬಂಧವನ್ನೇ ಹಿಂಬಾಲಿಸುತ್ತಿತ್ತು. ಕೆಳದವಡೆ ಹಾಗಲ್ಲ. ಅದು ಯಾವ ಖಂಡದ್ದು, ಯಾರ ವಂಶದ್ದು ಎಂಬುದಕ್ಕಿಂತ, ಅದರ ಒಡೆಯ ಬೇಟೆಗಾರನೋ ಬೇಸಾಯಗಾರನೋ ಎಂಬುದನ್ನೇ ಹೆಚ್ಚಾಗಿ ಹೇಳುತ್ತಿತ್ತು. ಬೇಟೆಗಾರರ ದವಡೆ ಉದ್ದವೂ ನೀಳವೂ ಆಗಿದ್ದರೆ, ರೈತರ ದವಡೆ ಗಿಡ್ಡವಾಗಿತ್ತು. ಒಂದೇ ತಲೆಯ ಮೇಲ್ಭಾಗ ವಂಶಾವಳಿಯನ್ನು ಓದಿಹೇಳಿದರೆ ಕೆಳಭಾಗ ಊಟದ ತಟ್ಟೆಯ ವರದಿ ಒಪ್ಪಿಸುತ್ತಿತ್ತು!

ಹಾಗೆಂದು ಬೇಸಾಯ ಬಂದೊಡನೆ ಮನುಷ್ಯನ ಮುಖವೇ ಬೇರೆಯಾಯಿತೆಂದು ಭಾವಿಸಬಾರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಐನೂರಕ್ಕೂ ಹೆಚ್ಚು ಬುರುಡೆಗಳನ್ನು ಪರಿಶೀಲಿಸಿ, ಬದಲಾವಣೆ ನಿಜವಾದರೂ ಸಾಧಾರಣ ಪ್ರಮಾಣದ್ದೆಂದರು. ಅತಿ ಹೆಚ್ಚು ಬದಲಾವಣೆ ಕಂಡದ್ದು ಹಾಲು, ಗಿಣ್ಣನ್ನು ಆಹಾರವಾಗಿಸಿಕೊಂಡ ಜನರಲ್ಲಿ. ಹಾಲಿಗಿಂತ ಮೆತ್ತನೆಯ ಊಟ ಯಾವುದಿದ್ದೀತು?

ನಮ್ಮ ನೆಲದ ಸಾಕ್ಷ್ಯ

ಉತ್ತರ ಪ್ರದೇಶದ ಗಂಗಾ ಬಯಲಿನ ಸರಾಯ್ ನಾಹರ್ ರಾಯ್, ಮಹಾದಹಾ ಮುಂತಾದೆಡೆ ಮಧ್ಯಶಿಲಾಯುಗದ ಬೇಟೆಗಾರರ ಸಮಾಧಿಗಳು ದೊರೆತಿವೆ. ಎತ್ತರದ ಆಳು, ಗಟ್ಟಿಮುಟ್ಟಾದ ಮೂಳೆ, ದೊಡ್ಡ ಹಲ್ಲು ಇವರ ಲಕ್ಷಣ. ಹುಳುಕು ಹಲ್ಲು ವಿರಳ. ಹರಪ್ಪದ ಗೋಧಿ, ಬಾರ್ಲಿ ತಿನ್ನುತ್ತಿದ್ದ ಜನರ ಹಲ್ಲುಗಳಲ್ಲಿ ಹುಳುಕು ಹೆಚ್ಚಿರುವುದನ್ನು ಅಮೆರಿಕದ ಜಾನ್ ಲುಕಾಕ್ಸ್ ದಾಖಲಿಸಿದ್ದಾರೆ. ಬಲೂಚಿಸ್ತಾನದ ಮೆಹರ್‌ಗಢದಲ್ಲಂತೂ 9 ಸಾವಿರದಿಂದ ಏಳೂವರೆ ಸಾವಿರ ವರ್ಷಗಳ ಹಿಂದೆಯೇ ಕಲ್ಲಿನ ಬೈರಿಗೆಯಿಂದ ಹಲ್ಲು ಕೊರೆಯುತ್ತಿದ್ದರು. ಒಂಬತ್ತು ಮಂದಿಯ ಬಾಯಲ್ಲಿ ಹೀಗೆ ಕೊರೆದ ಹನ್ನೊಂದು ಹಲ್ಲುಗಳು ಸಿಕ್ಕ ಸುದ್ದಿ 2006ರಲ್ಲಿ ಹೊರಬಿತ್ತು. ಬೇಸಾಯದ ಬೆನ್ನಿಗೇ ದಂತವೈದ್ಯನೂ ಬಂದನೆನ್ನಬೇಕು!

ಕರ್ನಾಟಕದ ಮೊದಲ ರೈತರು ಬಳ್ಳಾರಿಯ ಸಂಗನಕಲ್ಲು, ತೆಕ್ಕಲಕೋಟೆ ಮುಂತಾದೆಡೆ ಬಂಡೆಗಲ್ಲಿನ ಗುಡ್ಡಗಳಲ್ಲಿ ನೆಲೆಸಿದ್ದವರು. ಡಾ. ಎಂ.ಎಸ್. ನಾಗರಾಜರಾವ್ 1963-64ರಲ್ಲಿ ತೆಕ್ಕಲಕೋಟೆಯಲ್ಲಿ ಉತ್ಖನನ ನಡೆಸಿದಾಗ ದೊರೆತ ಮಾನವ ಅಸ್ಥಿಗಳನ್ನು ಕೆ.ಸಿ. ಮಲ್ಹೋತ್ರಾ ಅಧ್ಯಯನ ಮಾಡಿದರು. ಈ ಜನರ ಊಟ ಏನೆಂಬುದು ನಂತರ ಒಲೆಯ ಬೂದಿಯಲ್ಲಿ ಕರಿಕಾಗಿ ಉಳಿದ ಕಾಳುಗಳಿಂದ ತಿಳಿಯಿತು. ಕೊರಲೆ, ಅದರ ಜಾತಿಯ ಇತರ ಕಿರುಧಾನ್ಯಗಳು, ಹುರುಳಿ, ಹೆಸರು ಅವರ ಮುಖ್ಯ ಬೆಳೆಗಳು. ಸಂಗನಕಲ್ಲಿನ ಬಂಡೆಗಳ ಮೇಲೆ ಇಂದಿಗೂ ಕಾಣುವ ಅರೆದರೆದು ತಗ್ಗಾದ ಜಾಗಗಳು, ಸಿಕ್ಕಿರುವ ಬೀಸುವ ಕಲ್ಲುಗಳು ಅವರ ಅಡುಗೆಮನೆಯ ಕುರುಹು. ಹಲ್ಲು ಮಾಡಬೇಕಾದ ಕೆಲಸವನ್ನು ಕಲ್ಲು ಮಾಡತೊಡಗಿದ ಕಾಲವದು.

ಚಂಡೀಗಢದ ಪಾಠ

ಅಸ್ಥಿಪಂಜರಗಳು ಏನಾಯಿತೆಂದು ಹೇಳಬಲ್ಲವು. ಅದಕ್ಕೆ ಊಟವೇ ಕಾರಣವೆಂದು ಸಾಧಿಸಲು ಪ್ರಯೋಗ ಬೇಕು. ಅಮೆರಿಕದ ರಾಬರ್ಟ್ ಕೊರುಚಿನಿ ಮತ್ತು ಆತನ ಸಹೋದ್ಯೋಗಿ 1982ರಲ್ಲಿ ಅಳಿಲು-ಕೋತಿಗಳೆಂಬ ಪುಟ್ಟ ಮಂಗಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಸಹಜವಾದ ಗಟ್ಟಿ ಆಹಾರ, ಇನ್ನೊಂದಕ್ಕೆ ಮೆತ್ತಗೆ ಮಾಡಿದ ಆಹಾರ. ಮೆತ್ತನೆ ತಿಂದು ಬೆಳೆದವುಗಳ ದವಡೆಯ ಕಮಾನು ಕಿರಿದಾಗಿ, ಹಲ್ಲುಗಳು ತಿರುಚಿ ಒತ್ತೊತ್ತಾಗಿದ್ದವು. ಲೀಬರ್ಮನ್ ಅವರ ತಂಡ 2004ರಲ್ಲಿ ಹೈರಾಕ್ಸ್ ಎಂಬ, ಮೊಲದಷ್ಟು ದೊಡ್ಡದಾದ, ಆನೆಯ ದೂರದ ನೆಂಟನಾದ ಪ್ರಾಣಿಯ ಮೇಲೆ ಇಂಥದೇ ಪರೀಕ್ಷೆ ನಡೆಸಿತು. ಬೇಯಿಸಿದ್ದನ್ನು ತಿಂದ ಮರಿಗಳ ಮುಖದ ಕೆಳಭಾಗ ಮತ್ತು ಹಿಂಭಾಗದ ಬೆಳವಣಿಗೆ ಸುಮಾರು ಶೇ. 10ರಷ್ಟು ಕಡಿಮೆಯಾಗಿತ್ತು.

ಮನುಷ್ಯರನ್ನು ಹೀಗೆ ಗೂಡಿನಲ್ಲಿಟ್ಟು ಬೆಳೆಸುವಂತಿಲ್ಲ. ಆದರೆ ಸಮಾಜವೇ ಕೆಲವೊಮ್ಮೆ ಪ್ರಯೋಗ ನಡೆಸಿಬಿಡುತ್ತದೆ. ಕೊರುಚಿನಿ ಇದಕ್ಕಾಗಿ ಬಂದದ್ದು ನಮ್ಮ ದೇಶಕ್ಕೆ. ಸ್ವಾತಂತ್ರ್ಯಾನಂತರ ಹೊಸದಾಗಿ ಕಟ್ಟಿದ ಚಂಡೀಗಢ ನಗರದಲ್ಲಿ ಬೆಳೆದ ಪಂಜಾಬಿ ಯುವಕರನ್ನೂ, ಹಳ್ಳಿಗಳಲ್ಲಿ ಬೆಳೆದ ಪಂಜಾಬಿ ಯುವಕರನ್ನೂ ಭಾರತೀಯ ಸಹೋದ್ಯೋಗಿಗಳೊಂದಿಗೆ ಆತ ಹೋಲಿಸಿದರು. ಜನ ಒಂದೇ, ರಕ್ತಸಂಬಂಧವೂ ಒಂದೇ ಬಗೆಯದು. ಬೇರೆಯಿದ್ದದ್ದು ಬದುಕು ಮತ್ತು ಊಟ. 1983ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವಕ್ರದಂತ, ಸರಿಯಾಗಿ ಕೂಡದ ದವಡೆ ನಗರದವರಲ್ಲೇ ಹೆಚ್ಚು. ಒಂದೆರಡು ತಲೆಮಾರಿನಲ್ಲಿ ಜೀನುಗಳು ಬದಲಾಗಲಾರವು. ಆದ್ದರಿಂದ 'ಅಮ್ಮನ ಸಣ್ಣ ದವಡೆ, ಅಪ್ಪನ ದೊಡ್ಡ ಹಲ್ಲು ಕೂಡಿ ಹೀಗಾಯಿತು' ಎಂಬ ದಂತವೈದ್ಯರ ಹಳೆಯ ಸಮಾಧಾನಕ್ಕೆ ಇಲ್ಲಿ ಪೆಟ್ಟು ಬಿತ್ತು.

ಅರ್ಧ ಸರಿ, ಅರ್ಧ ತಪ್ಪು

ಊಟದಿಂದ ಮುಖ ಬದಲಾಗುತ್ತದೆಂದು ಇದಕ್ಕೂ ಮೊದಲು ಗಟ್ಟಿಯಾಗಿ ಸಾರಿದವನು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ದಂತವೈದ್ಯ ವೆಸ್ಟನ್ ಪ್ರೈಸ್. 1930ರ ದಶಕದಲ್ಲಿ ಹೆಂಡತಿಯೊಂದಿಗೆ ಕ್ಯಾಮೆರಾ ಹೊತ್ತು ಸ್ವಿಟ್ಜರ್ಲೆಂಡಿನ ಕಣಿವೆಗಳು, ಸ್ಕಾಟ್ಲೆಂಡಿನ ದ್ವೀಪಗಳು, ಅಲಾಸ್ಕಾ, ಆಫ್ರಿಕಾ, ಆಸ್ಟ್ರೇಲಿಯಾ, ಪೆರು ಎಂದು ಆತ ಸುತ್ತಿದ. ಹಳೆಯ ಊಟ ಬಿಡದವರ ಅಗಲವಾದ ದವಡೆಗಳನ್ನೂ, ಮೈದಾ, ಸಕ್ಕರೆ, ಡಬ್ಬಿಯ ತಿನಿಸಿಗೆ ಬಿದ್ದವರ ಮಕ್ಕಳ ಇಕ್ಕಟ್ಟಾದ ದವಡೆಗಳನ್ನೂ ಜೋಡಿ ಜೋಡಿಯಾಗಿ ಚಿತ್ರ ತೆಗೆದು 1939ರಲ್ಲಿ ಪುಸ್ತಕ ಮಾಡಿದ. ಜನಾಂಗಗಳು ಬೆರೆತದ್ದರಿಂದ ಮುಖ ಕೆಡುತ್ತದೆಂದು ಆ ಕಾಲದ ಪಂಡಿತರು ಹೇಳುತ್ತಿದ್ದುದನ್ನು ಆತ ಒಪ್ಪಲಿಲ್ಲ. ಬೆರಕೆಯೇ ಇಲ್ಲದ ಮನೆಗಳಲ್ಲೂ ಊಟ ಬದಲಾದೊಡನೆ ದವಡೆ ಬದಲಾಗಿದೆಯಲ್ಲ ಎಂಬುದು ಆತನ ವಾದ.

ಪ್ರೈಸ್ ಕಂಡದ್ದು ನಿಜ. ಕಾರಣ ಹೇಳುವಾಗ ಮಾತ್ರ ಎಲ್ಲವನ್ನೂ ವಿಟಮಿನ್, ಖನಿಜಗಳ ಕೊರತೆಯ ತಲೆಗೆ ಕಟ್ಟಿದ. ಆತನ ಸಮೀಕ್ಷೆಯ ವಿಧಾನವೂ ಅಷ್ಟೇನೂ ಬಿಗಿಯಾಗಿರಲಿಲ್ಲ. ಸ್ವಿಸ್ ಕಣಿವೆಯ ಬಹುದಿನದ ಗಟ್ಟಿ ರೈ ರೊಟ್ಟಿಯಲ್ಲಿ ಪೋಷಕಾಂಶವಿದ್ದದ್ದು ನಿಜವಾದರೂ, ಅದನ್ನು ಅಗಿಯಲು ದವಡೆ ಪಡುತ್ತಿದ್ದ ಶ್ರಮಕ್ಕೆ ಆತ ತಕ್ಕ ಬೆಲೆ ಕೊಡಲಿಲ್ಲ.

ಪೋಷಕಾಂಶಕ್ಕೆ ಪಾತ್ರವೇ ಇಲ್ಲವೆಂದಲ್ಲ. ವಿಟಮಿನ್ 'ಡಿ' ಕೊರತೆಯಿಂದ ರಿಕೆಟ್ಸ್ ಬಂದ ಮಗುವಿನ ಹಣೆ ಉಬ್ಬುತ್ತದೆ, ಹಲ್ಲು ತಡವಾಗಿ ಮೂಡುತ್ತದೆ. ಗರ್ಭಿಣಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಹುಟ್ಟುವ ಮಗುವಿನ ಮಿದುಳಿನೊಂದಿಗೆ ಮುಖದ ಬೆಳವಣಿಗೆಯೂ ಕುಂಠಿತವಾಗಬಹುದು. ಬಾಲ್ಯದಲ್ಲಿ ಹಸಿವು, ದೊಡ್ಡ ಕಾಯಿಲೆ ಅನುಭವಿಸಿದವರ ಎನಾಮೆಲ್ ಮೇಲೆ ಅಡ್ಡಗೆರೆ ಬೀಳುತ್ತದೆ. ಸಾವಿರಾರು ವರ್ಷಗಳ ಹಿಂದಿನ ಬರಗಾಲವನ್ನೂ ಪುರಾತತ್ವಜ್ಞರು ಆ ಗೆರೆಗಳಲ್ಲಿ ಓದುತ್ತಾರೆ. ಒಟ್ಟಿನಲ್ಲಿ ಏನು ತಿನ್ನುತ್ತೇವೆ ಎಂಬುದು ಒಂದು, ಅದನ್ನು ಎಷ್ಟು ಅಗಿಯುತ್ತೇವೆ ಎಂಬುದು ಇನ್ನೊಂದು. ಮುಖ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಫೋರ್ಕಿನಿಂದ 'ಫ'ಕಾರಕ್ಕೆ

ಬಾಯಿ ಮುಚ್ಚಿದಾಗ ನಮ್ಮಲ್ಲಿ ಹೆಚ್ಚಿನವರ ಮೇಲಿನ ಬಾಚಿಹಲ್ಲು ಕೆಳಗಿನದನ್ನು ತುಸು ಮರೆಮಾಡಿ ಕೂರುತ್ತದೆ. ಹಿಂದಿನ ಕಾಲದ ಬುರುಡೆಗಳಲ್ಲಿ ಹಲ್ಲಿನ ಅಂಚಿಗೆ ಅಂಚು ತಾಕುವುದೇ ಸಾಮಾನ್ಯ. ಅಮೆರಿಕದ ಮಾನವಶಾಸ್ತ್ರಜ್ಞ ಲೋರಿಂಗ್ ಬ್ರೇಸ್ ಇದಕ್ಕೆ ಊಟದ ಮೇಜಿನಲ್ಲಿ ಕಾರಣ ಹುಡುಕಿದರು. ಮಾಂಸದ ತುಂಡನ್ನು ಬಾಚಿಹಲ್ಲಿನಲ್ಲಿ ಕಚ್ಚಿಹಿಡಿದು ಎಳೆದು ತಿನ್ನುತ್ತಿದ್ದ ಯುರೋಪಿನವರು ಚಾಕು, ಫೋರ್ಕು ಹಿಡಿದದ್ದು ಸುಮಾರು 250 ವರ್ಷಗಳಿಂದೀಚೆಗೆ. ಚೀನೀಯರು ತರಿದು ಬೇಯಿಸಿದ ಚೂರುಗಳನ್ನು ಕಡ್ಡಿಯಿಂದೆತ್ತಿ ತಿನ್ನತೊಡಗಿದ್ದು ಅದಕ್ಕೂ ಎಷ್ಟೋ ಶತಮಾನ ಮೊದಲು. ಎರಡೂ ಕಡೆ ಮೇಲ್ಹಲ್ಲು ಮುಂದೆ ಬಂದದ್ದು ಈ ರೂಢಿಯ ಬೆನ್ನಿಗೇ ಎಂದು ಬ್ರೇಸ್ ವಾದ. ಇದು ಇನ್ನೂ ವಾದವೇ. ಫೋರ್ಕೂ ಇಲ್ಲದೆ, ಕಡ್ಡಿಯೂ ಇಲ್ಲದೆ ಕೈಯಲ್ಲೇ ಕಲಸಿ ಉಣ್ಣುವ ನಮ್ಮಲ್ಲೂ ಮೇಲ್ಹಲ್ಲು ಮುಂದಿದೆಯಲ್ಲ! ಅನ್ನ, ಸಾರು ಕಲಸಿದ ತುತ್ತಿಗೆ ಬಾಚಿಹಲ್ಲಿನ ಹಂಗೇ ಇಲ್ಲ ಎಂದು ಇದಕ್ಕೆ ಉತ್ತರ ಹೇಳಬಹುದೇನೋ.

ಭಾಷಾಶಾಸ್ತ್ರಜ್ಞ ಚಾರ್ಲ್ಸ್ ಹಾಕೆಟ್ 1985ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂಗ್ಲಿಷಿನ ಎಫ್‌ನಂಥ ಧ್ವನಿಗೆ ಕೆಳದುಟಿ ಮೇಲ್ಹಲ್ಲಿಗೆ ತಾಕಬೇಕು. ಅಂಚಿಗೆ ಅಂಚು ಕೂಡುವ ಹಲ್ಲಿನವರಿಗೆ ಅದು ಪ್ರಯಾಸ. ಆದ್ದರಿಂದ ಈ ಧ್ವನಿಗಳು ಮೆತ್ತನೆಯ ಊಟ ಮಾಡಿದ ರೈತರ ಕೊಡುಗೆ ಎಂದರು. ಬ್ರೇಸ್ ಆಕ್ಷೇಪಿಸಿದ ಮೇಲೆ ಹಾಕೆಟ್ ತಮ್ಮ ಊಹೆಯನ್ನು ಕೈಬಿಟ್ಟರು. ಆದರೆ 2019ರಲ್ಲಿ ಜ್ಯೂರಿಕ್‌ನ ಸಂಶೋಧಕರ ತಂಡ ಅದನ್ನು ಮತ್ತೆ ಎತ್ತಿಹಿಡಿಯಿತು. ಮೇಲ್ಹಲ್ಲು ಮುಂದಿದ್ದರೆ ಇಂಥ ಧ್ವನಿಗೆ ಶೇ. 29ರಷ್ಟು ಕಡಿಮೆ ಶ್ರಮ ಸಾಕೆಂದೂ, ಬೇಟೆಗಾರ ಸಮುದಾಯಗಳ ಭಾಷೆಗಳಲ್ಲಿ ಈ ಧ್ವನಿಗಳು ಕೃಷಿಕರಲ್ಲಿರುವುದರ ಸುಮಾರು ಕಾಲು ಭಾಗದಷ್ಟೇ ಎಂದೂ ತೋರಿಸಿತು.

ಇಲ್ಲಿ ಕನ್ನಡಿಗರು ಅವಸರಪಡಬಾರದು. ಕನ್ನಡಕ್ಕೆ ಈ ಧ್ವನಿ ಮೂಲದಲ್ಲಿಲ್ಲ. ನಮ್ಮ 'ಫ' ಮಹಾಪ್ರಾಣ. ಫಸಲು, ಕಾಫಿಗಳೊಂದಿಗೆ ಬಂದದ್ದು ಎರವಲು ಧ್ವನಿ. ಹಳ್ಳಿಗರು ಇಂದಿಗೂ ಕಾಪಿ, ಪೋನು ಎನ್ನುವುದುಂಟು. ಅದಕ್ಕೆ ಹಲ್ಲು ಕಾರಣವಲ್ಲ, ರೂಢಿ ಕಾರಣ. ಸಾವಿರಾರು ವರ್ಷ ಬೇಸಾಯ ಮಾಡಿಯೂ ದ್ರಾವಿಡ ಭಾಷೆಗಳು ಈ ಧ್ವನಿಯನ್ನು ಬಯಸಲಿಲ್ಲ. ಮೂಳೆ ಒಂದು ದಾರಿಯನ್ನು ಸುಗಮಗೊಳಿಸಬಹುದು, ಆ ದಾರಿಯಲ್ಲೇ ನಡೆಯಿರೆಂದು ಅಪ್ಪಣೆ ಮಾಡಲಾರದು.

ರಾಜರ ಗದ್ದ

ಇಷ್ಟು ಹೇಳಿದ ಮೇಲೆ ವಂಶವಾಹಿಗಳ ಪಕ್ಷವನ್ನೂ ಕೇಳಬೇಕು. ಯುರೋಪನ್ನು ಶತಮಾನಗಳ ಕಾಲ ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ಭಾವಚಿತ್ರಗಳನ್ನು ಸಾಲಾಗಿಟ್ಟರೆ ಮುಂಚಾಚಿದ ಕೆಳದವಡೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು ಯಾರಿಗೂ ಕಾಣುತ್ತದೆ. ರಾಜ್ಯ ಕೈಬಿಟ್ಟು ಹೋಗದಿರಲೆಂದು ಅವರು ಒಳಗೊಳಗೇ ಮದುವೆಯಾಗುತ್ತಿದ್ದರು. ಸ್ಪೇನಿನ ಕೊನೆಯ ಹ್ಯಾಬ್ಸ್‌ಬರ್ಗ್ ದೊರೆ ಎರಡನೆಯ ಚಾರ್ಲ್ಸ್‌ನ (1661-1700) ತಂದೆ ತನ್ನ ಸ್ವಂತ ಸೋದರಿಯ ಮಗಳನ್ನೇ ವರಿಸಿದ್ದ. ಚಾರ್ಲ್ಸ್‌ಗೆ ಅಗಿಯುವುದೇ ಕಷ್ಟವಾಗಿತ್ತು. ಆತನಿಗೆ ಮಕ್ಕಳಾಗದೆ ವಂಶ ಅಲ್ಲಿಗೇ ನಿಂತಿತು. 2019ರಲ್ಲಿ ಸ್ಪೇನಿನ ಸಂಶೋಧಕರು ಈ ಮನೆತನದ 15 ಮಂದಿಯ 66 ಭಾವಚಿತ್ರಗಳನ್ನು ಮುಖಶಸ್ತ್ರಚಿಕಿತ್ಸಕರಿಗೆ ತೋರಿಸಿ ಅಂಕ ಹಾಕಿಸಿದರು. ರಕ್ತಸಂಬಂಧ ಹತ್ತಿರವಾದಷ್ಟೂ ದವಡೆಯ ದೋಷ ಹೆಚ್ಚೆಂದು ತಿಳಿಯಿತು. ರಾಜಭೋಜನವಾಗಲಿ ಅದನ್ನು ಉಣ್ಣುವ ಬಗೆಯಾಗಲಿ ಈ ಗದ್ದವನ್ನು ತಿದ್ದಲು ಸಾಧ್ಯವಿರಲಿಲ್ಲ.

ಸಾಮಾನ್ಯ ಮುಖಗಳಲ್ಲೂ ಜೀನುಗಳ ಕೈವಾಡ ದೊಡ್ಡದೇ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಮುಖದ ಎತ್ತರ, ಮೂಳೆಯ ಒಟ್ಟು ಚೌಕಟ್ಟು ಹೆಚ್ಚಾಗಿ ವಂಶದ ಕೊಡುಗೆ. ಹಲ್ಲಿನ ಸಾಲಿನ ವಿಷಯದಲ್ಲಿ ಪರಿಸರದ ಪಾಲು ಹೆಚ್ಚು. 2016ರಲ್ಲಿ ಲಂಡನ್ನಿನ ತಂಡವೊಂದು ಲ್ಯಾಟಿನ್ ಅಮೆರಿಕದ ಸುಮಾರು ಆರು ಸಾವಿರ ಮಂದಿಯನ್ನು ಪರೀಕ್ಷಿಸಿ, ಮೂಗು ಮತ್ತು ಗದ್ದದ ಆಕಾರಕ್ಕೆ ಸಂಬಂಧಿಸಿದ ಹಲವು ಜೀನುಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ಕಿಂಚಿತ್ತು. ಮೂಗಿನ ಅಗಲಕ್ಕೂ ಹವಾಮಾನಕ್ಕೂ ನಂಟಿರುವುದು 2017ರ ಮತ್ತೊಂದು ಅಧ್ಯಯನದಲ್ಲಿ ದೃಢವಾಯಿತು. ಸೆಕೆಯ ತೇವದ ನಾಡಿನವರ ಪೂರ್ವಜರಿಗೆ ಅಗಲ ಹೊಳ್ಳೆ, ಚಳಿಯ ಒಣನಾಡಿನವರಿಗೆ ಕಿರಿದಾದದ್ದು ಅನುಕೂಲವಾಗಿತ್ತು.

ಮೂಗಿನಳತೆಯ ಅನ್ಯಾಯ

ಮೂಗು ಹೇಳುವುದು ಹವೆಯ ಕಥೆಯಾದರೆ, ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮನ್ನಾಳಿದವರು ಅದರಲ್ಲಿ ಜಾತಿಯನ್ನು ಓದಿದರು. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ಬರುವ ಅಂಕಿಯನ್ನು ಸಾಮಾಜಿಕ ಅಂತಸ್ತಿಗೆ ಜೋಡಿಸಿದ. ಮೂಗು ಕಿರಿದಾದಷ್ಟೂ ಜಾತಿ ಮೇಲು ಎಂಬುದು ಆತನ ಸಿದ್ಧಾಂತ. ಮದರಾಸಿನ ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಕೂಡ ಅಳತೆಗೋಲು ಹಿಡಿದು ದಕ್ಷಿಣ ಭಾರತವನ್ನೆಲ್ಲ ಸುತ್ತಿ, 1909ರಲ್ಲಿ ಏಳು ಸಂಪುಟಗಳನ್ನು ಹೊರತಂದ. ಬುರುಡೆ, ಮೂಗು, ದವಡೆ ಕಾಲಾಂತರದಲ್ಲೂ ಬದಲಾಗದ ಜನಾಂಗದ ಮುದ್ರೆಗಳೆಂಬುದು ಈ ವಿದ್ಯೆಯ ಬುನಾದಿ.

ಆ ಬುನಾದಿಯನ್ನು ಮೊದಲು ಅಲುಗಿಸಿದವನು ಫ್ರಾನ್ಜ್ ಬೋವಾಸ್. ಅಮೆರಿಕಕ್ಕೆ ವಲಸೆ ಬಂದವರು ಮತ್ತು ಅವರ ಮಕ್ಕಳು ಸೇರಿ ಸುಮಾರು 18 ಸಾವಿರ ಮಂದಿಯ ತಲೆಯ ಅಳತೆ ತೆಗೆದು, ಹೊಸ ನಾಡಿನಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ಹೆತ್ತವರದಕ್ಕಿಂತ ಬೇರೆಯಾಗಿರುವುದನ್ನು 1912ರ ಹೊತ್ತಿಗೆ ತೋರಿಸಿದ. 2002-03ರಲ್ಲಿ ಎರಡು ತಂಡಗಳು ಅದೇ ಅಂಕಿಗಳನ್ನು ಮತ್ತೆ ಜಾಲಾಡಿ, ಬದಲಾವಣೆ ಸಣ್ಣದೆಂದು ಒಂದು, ಬೋವಾಸ್ ಹೇಳಿದ್ದು ಬಹುಮಟ್ಟಿಗೆ ಸರಿಯೆಂದು ಇನ್ನೊಂದು ವಾದಿಸಿದವು.

ಭಾರತದಲ್ಲಿ ಮುಂಬಯಿಯ ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ 1932ರಲ್ಲಿ ಮೂಗಿನ ಅಂಕಿಗಳನ್ನೇ ಪರಿಶೀಲಿಸಿ, ರಿಸ್ಲೆಯ ಸೂತ್ರ ಉತ್ತರದ ಒಂದು ಭಾಗದ ಹೊರಗೆ ನಿಲ್ಲುವುದಿಲ್ಲವೆಂದರು. ಪಿ.ಸಿ. ಮಹಾಲನೋಬಿಸ್ 1930ರ ದಶಕದಲ್ಲಿ ರಿಸ್ಲೆಯ ಲೆಕ್ಕದಲ್ಲಿದ್ದ ತಪ್ಪುಗಳನ್ನು ತಿದ್ದಿದರು. ಡಾ. ಅಂಬೇಡ್ಕರ್ 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯರ ಮೂಲವನ್ನು ಕುರಿತ ಗ್ರಂಥದಲ್ಲಿ ಅದೇ ಮೂಗಿನಳತೆಯನ್ನು ಕೈಗೆತ್ತಿಕೊಂಡರು. ಈ ಅಳತೆಗೆ ಬೆಲೆಯಿರುವುದಾದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗದವರೆಂದೇ ಅದು ಸಾಬೀತು ಮಾಡುತ್ತದೆಂದು ವಾದಿಸಿದರು. ಮೇಲು-ಕೀಳು ಅಳೆಯಲು ತಂದ ಕೋಲು ಅದನ್ನು ತಂದವರಿಗೇ ತಿರುಗಿಬಿತ್ತು!

ಹಾಗಾದರೆ ನಾವೇನು ಮಾಡಬೇಕು?

ಓದುಗರಲ್ಲಿ ಮಕ್ಕಳಿರುವವರು ಈ ಪ್ರಶ್ನೆ ಕೇಳುವುದು ಸಹಜ. ಹಿಂದಿನವರ ಊಟಕ್ಕೆ ಮರಳಿದರೆ ಎಲ್ಲ ಸರಿಹೋಗುತ್ತದೆಂಬ ಉತ್ತರ ಸುಲಭ. ಆದರೆ ಹಿಂದಿನದೆಲ್ಲ ಗಟ್ಟಿಯಲ್ಲ. ಹಳೇ ಮೈಸೂರಿನ ರಾಗಿಮುದ್ದೆಯನ್ನು ಅಗಿಯುವುದೇ ಇಲ್ಲ, ನುಂಗುತ್ತಾರೆ. ಪೌಷ್ಟಿಕತೆಯಲ್ಲಿ ಅದಕ್ಕೆ ಸಾಟಿ ಕಡಿಮೆ, ದವಡೆಗೆ ಮಾತ್ರ ಅದರಿಂದ ವ್ಯಾಯಾಮವಿಲ್ಲ. ಉತ್ತರ ಕರ್ನಾಟಕದ ಕಟಕ ಜೋಳದ ರೊಟ್ಟಿ, ಹಲ್ಲಿನಲ್ಲೇ ಸಿಪ್ಪೆ ಸುಲಿದು ತಿನ್ನುವ ಕಬ್ಬಿನ ಜಲ್ಲೆ, ಒಣಕೊಬ್ಬರಿ, ಸೀಬೆಕಾಯಿ, ಹಸಿ ಗಜ್ಜರಿ ಇವು ದವಡೆಗೆ ದುಡಿಮೆ ಕೊಡುವಂಥವು. ಬಿಸ್ಕತ್ತು, ಬ್ರೆಡ್ಡು, ನೂಡಲ್ಸ್ ಕೊಡುವುದಿಲ್ಲ. ಹಲ್ಲು ಬಂದ ಮಕ್ಕಳಿಗೂ ವರ್ಷಗಟ್ಟಲೆ ಎಲ್ಲವನ್ನೂ ನುಣ್ಣಗೆ ಮಾಡಿ ತಿನ್ನಿಸುವುದನ್ನು ಬಿಡಬಹುದು. ಗಂಟಲಿಗೆ ಸಿಕ್ಕುವಂಥ ಗಟ್ಟಿ ಕಾಳುಗಳನ್ನು ಎಳೆಯ ಮಕ್ಕಳಿಗೆ ಕೊಡಬಾರದೆಂಬ ಎಚ್ಚರವೂ ಇರಲಿ.

ಇಷ್ಟರಿಂದಲೇ ಕ್ಲಿಪ್ಪಿನ ಖರ್ಚು ಉಳಿಯುತ್ತದೆಂದು ಯಾರೂ ಭರವಸೆ ಕೊಡಲಾರರು. ಒಂದು ಮಗುವಿನ ವಕ್ರದಂತಕ್ಕೆ ವಂಶ, ಊಟ, ಬೆರಳು ಚೀಪುವ ಚಟ, ಬೇಗ ಬಿದ್ದ ಹಾಲುಹಲ್ಲು ಹೀಗೆ ಹತ್ತು ಕಾರಣಗಳಿರಬಹುದು. ವಯಸ್ಕರ ಮಾತು ಇನ್ನೂ ಬೇರೆ. ಗಟ್ಟಿ ಅಂಟು ಅಗಿದು, ನಾಲಿಗೆಯನ್ನು ಅಂಗುಳಕ್ಕೊತ್ತಿ ದವಡೆಯನ್ನು ಚೂಪು ಮಾಡಿಕೊಳ್ಳಿರೆಂದು ಮೊಬೈಲಿನಲ್ಲಿ ಬೋಧಿಸುವವರಿದ್ದಾರೆ. ಬೆಳವಣಿಗೆ ನಿಂತ ಮೇಲೆ ಅಗಿತದಿಂದ ಸ್ನಾಯು ದಪ್ಪವಾದೀತು, ಮೂಳೆಯ ಚೌಕಟ್ಟು ಹೊಸದಾಗದು. ಕನ್ನಡಿಯ ಮುಂದೆ ಕೋನಗಳನ್ನು ಅಳೆದುಕೊಂಡು ಕೊರಗುವ ಇಂದಿನ ಹುಡುಗ ಹುಡುಗಿಯರು ತಿಳಿಯದೆಯೇ ರಿಸ್ಲೆಯ ಅಳತೆಗೋಲನ್ನು ತಮ್ಮ ಮೇಲೆ ತಾವೇ ಇಟ್ಟುಕೊಳ್ಳುತ್ತಿದ್ದಾರೆ.

ನಮ್ಮ ಮುಖವನ್ನು ಹೆತ್ತವರಷ್ಟೇ ಕೊಟ್ಟಿಲ್ಲ. ಗುಡ್ಡದ ಬಂಡೆಯ ಮೇಲೆ ಕೊರಲೆ ಅರೆದವರು, ಹುರುಳಿ ಬೇಯಿಸಿದವರು, ನಮಗೆ ಮೊದಲ ಮೆತ್ತನೆಯ ತುತ್ತು ಇಟ್ಟವರು ಎಲ್ಲರ ಕೈಯೂ ಅದರಲ್ಲಿದೆ. ಮುಂದಿನ ಸಲ ತೊಟ್ಟಿಲ ಸುತ್ತ ಮೂಗು, ಗದ್ದಗಳ ಪಾಲು ನಡೆಯುವಾಗ ಅಡುಗೆಮನೆಗೂ ಒಂದು ಪಾಲು ಎತ್ತಿಡುವುದು ನ್ಯಾಯ.